ಅರ್ಧ ಮಾತ್ರೆಯ ದಿನಗಳು

ಮಾತ್ರೆ ನಿಲ್ಲಿಸಿದ ಮೂರನೆಯ ದಿನ ಬೆಳಿಗ್ಗೆ, ಒಂದು ಟ್ರೇ ತುಂಬ ಇದ್ದ ಒಳ್ಳೆಯ ಬುಷ್‌ಗಳನ್ನು ನಾನು ಕೆಂಪು ಡಬ್ಬಿಗೆ ಹಾಕಿದೆ.

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಹದಿಮೂರು ವರ್ಷದಿಂದ ನನ್ನದು ಅಳತೆ ನೋಡುವ ಕೆಲಸ. ಲೇತ್ ಮೆಷಿನ್ನಿನಿಂದ ಬರುವ ಬೆರಳುದ್ದದ ಉಕ್ಕಿನ ಕೊಳವೆಗಳನ್ನು, ಅಂದರೆ ಬುಷ್‌ಗಳನ್ನು, ಮೈಕ್ರೋಮೀಟರಿಗೆ ಹಿಡಿದು ನೋಡುವುದು, ಸರಿ ಇದ್ದರೆ ಹಸಿರು ಡಬ್ಬಿಗೆ, ತಪ್ಪಿದ್ದರೆ ಕೆಂಪು ಡಬ್ಬಿಗೆ ಹಾಕುವುದು. ಕೂದಲೆಳೆಗಿಂತ ಸಣ್ಣ ವ್ಯತ್ಯಾಸವನ್ನು ಹಿಡಿಯಬೇಕಾದ್ದರಿಂದ ಕೈ ಅಲುಗಬಾರದು. ಅವತ್ತು ಕೈ ನನ್ನ ಮಾತು ಕೇಳಲಿಲ್ಲ. ಕಂಪ್ರೆಸರ್ ಸದ್ದು ಹದಿಮೂರು ವರ್ಷದಲ್ಲಿ ಮೊದಲ ಸಲ ಹಲ್ಲಿನ ಬೇರಿಗೆ ತಾಕುತ್ತಿತ್ತು. ಕುತ್ತಿಗೆಯ ಹಿಂದೆ ಬೆವರು, ಚರ್ಮದ ಕೆಳಗೆ ಇರುವೆ ಹರಿದಾಡಿದ ಹಾಗೆ. ಸ್ಟೂಲಿನ ಮೇಲೆ ಎರಡು ನಿಮಿಷ ಕೂತರೆ ಏಳಬೇಕು ಅನ್ನಿಸುತ್ತಿತ್ತು, ಎದ್ದರೆ ಎಲ್ಲಿಗೆ ಹೋಗುವುದೆಂದು ಗೊತ್ತಾಗುತ್ತಿರಲಿಲ್ಲ.

ಸೂಪರ್‌ವೈಸರ್ ಮಂಜುನಾಥ್ ಸಾರ್ ಬಂದು ಕೆಂಪು ಡಬ್ಬಿಯಿಂದ ನಾಲ್ಕು ಪೀಸ್ ತೆಗೆದು ತಾವೇ ಅಳೆದರು. ನಾಲ್ಕೂ ಸರಿ ಇದ್ದವು.

"ಏನಾಯ್ತು ಗಿರಿಜಮ್ಮ? ಇವೆಲ್ಲ ಓಕೆ ಪೀಸೇ ಅಲ್ವಾ?"

"ಜ್ವರ ಸಾರ್," ಅಂದೆ. ನಿಜ ಹೇಳಲು ನಾಚಿಕೆಯಾಯಿತು.

"ಹಾಗಿದ್ರೆ ಮನೆಗೆ ಹೋಗಿ. ನಾಳೆಯಿಂದ ಸ್ವಲ್ಪ ದಿನ ಪ್ಯಾಕಿಂಗ್‌ನಲ್ಲಿರಿ," ಅಂದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ. ಆದರೂ ನನ್ನ ಮೈಕ್ರೋಮೀಟರನ್ನು ಅವರು ಅದರ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ್ದನ್ನು ನೋಡಿ, ಇನ್ನು ಈ ಕೆಲಸ ನನ್ನದಲ್ಲ ಅಂತಲೇ ಅನ್ನಿಸಿತು.

ಅದಕ್ಕೂ ಆರೇಳು ತಿಂಗಳ ಹಿಂದಿನಿಂದ ಹೇಳಬೇಕು. ನನ್ನ ಅಣ್ಣ ನಲವತ್ತಾರನೆಯ ವಯಸ್ಸಿಗೆ ಹೃದಯಾಘಾತದಿಂದ ಹೋದ. ಬೆಳಿಗ್ಗೆ ಹಾಲು ತರಲು ಹೋದವನು ಬೂತ್ ಮುಂದೆಯೇ ಕುಸಿದ. ತಿಥಿಯೆಲ್ಲ ಮುಗಿದು, ನಾನು ಕೆಲಸಕ್ಕೆ ಹೋಗಲು ಶುರುಮಾಡಿ ತಿಂಗಳಾಗಿತ್ತು. ಮಾಕಳಿಯ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹೋಗುತ್ತಿದ್ದವಳಿಗೆ ತುಮಕೂರು ರಸ್ತೆಯ ಸಿಗ್ನಲ್ಲಿನಲ್ಲಿ ಇದ್ದಕ್ಕಿದ್ದ ಹಾಗೆ ಎದೆ ಹೊಡೆದುಕೊಳ್ಳತೊಡಗಿತು. ಉಸಿರು ಒಳಗೆ ಹೋಗುತ್ತಿಲ್ಲ, ಬೆರಳುಗಳು ಜೋಮು. ಅಣ್ಣನಿಗೆ ಆದದ್ದೇ ನನಗೂ ಆಗುತ್ತಿದೆ ಅಂದುಕೊಂಡೆ. ಯಾರೋ ಆಟೋದವರು ಆಸ್ಪತ್ರೆಗೆ ಸೇರಿಸಿದರು. ಇಸಿಜಿ, ರಕ್ತ, ಎಲ್ಲ ಸರಿಯಾಗಿದ್ದವು. "ಹಾರ್ಟಿಗೆ ಏನೂ ಆಗಿಲ್ಲಮ್ಮ, ಇದು ಆತಂಕ," ಎಂದ ಅಲ್ಲಿನ ಡಾಕ್ಟರು ಒಂದು ಸಣ್ಣ ಮಾತ್ರೆ ಬರೆದುಕೊಟ್ಟರು. ಎರಡು ವಾರಕ್ಕೆ ಮಾತ್ರ, ಆಮೇಲೆ ಬಂದು ತೋರಿಸಿ ಅಂದಿದ್ದರು.

ನಾನು ತೋರಿಸಲಿಲ್ಲ. ಏಕೆಂದರೆ ಆ ಮಾತ್ರೆ ಅಷ್ಟು ಚೆನ್ನಾಗಿತ್ತು. ನುಂಗಿದ ಅರ್ಧ ಗಂಟೆಗೆ ಎದೆಯೊಳಗಿನ ಗದ್ದಲದ ಬಾಗಿಲು ಯಾರೋ ಮುಚ್ಚಿದ ಹಾಗಾಗುತ್ತಿತ್ತು. ನಮ್ಮ ಬೀದಿಯ ಮೆಡಿಕಲ್ ಅಂಗಡಿಯವರು ಪರಿಚಯದವರು, ಅದೇ ಹಳೆಯ ಚೀಟಿ ನೋಡಿ ತಿಂಗಳು ತಿಂಗಳು ಕೊಟ್ಟರು. ಕೊನೆಕೊನೆಗೆ ಚೀಟಿಯನ್ನೂ ಕೇಳುತ್ತಿರಲಿಲ್ಲ. ಒಂದು ದಿನ ಅಂಗಡಿಯಲ್ಲಿ ಹೊಸ ಹುಡುಗಿ ಇದ್ದಳು. ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, "ಅಕ್ಕ, ಇದು ಐದು ತಿಂಗಳ ಹಿಂದಿನ ಚೀಟಿ. ಇದರ ಮೇಲೆ ಕೊಡೋ ಹಾಗಿಲ್ಲ. ಡಾಕ್ಟರ್ ಹತ್ರ ಹೋಗಿ. ಆದ್ರೆ ಸಡನ್ನಾಗಿ ಮಾತ್ರ ನಿಲ್ಲಿಸ್ಬಿಡ್ಬೇಡಿ," ಅಂದಳು.

ಅಕ್ಕಪಕ್ಕ ನಾಲ್ಕು ಜನ ನಿಂತಿದ್ದರು. ಕುಡುಕಿಯನ್ನು ಬಾಗಿಲಿಂದಾಚೆ ಕಳಿಸಿದ ಹಾಗೆ ನನಗನ್ನಿಸಿತು. ಅವಳು ಹೇಳಿದ್ದರಲ್ಲಿ ಮೊದಲ ಅರ್ಧ ಮಾತ್ರ ಕಿವಿಗೆ ಬಿತ್ತು. ಮನೆಗೆ ಬಂದು, ಇನ್ನು ಮುಟ್ಟುವುದಿಲ್ಲ ಎಂದು ಹಟ ಹಿಡಿದೆ. ಆ ಹಟದ ಮೂರನೆಯ ದಿನವೇ ಕೆಂಪು ಡಬ್ಬಿಯ ದಿನ.

ಅವತ್ತು ಮಧ್ಯಾಹ್ನ ಮನೆಗೆ ಬಂದಾಗ ಇದ್ದವರು ನನ್ನ ಅತ್ತೆ ಒಬ್ಬರೇ. ನನ್ನ ಗಂಡ ಲೋಕೇಶ್ ಮಾದನಾಯಕನಹಳ್ಳಿಯ ಗೋದಾಮಿನಿಂದ ಲಾರಿ ಓಡಿಸುತ್ತಾರೆ, ವಾರದಲ್ಲಿ ನಾಲ್ಕು ದಿನ ರಸ್ತೆಯಲ್ಲೇ. ಮಗಳು ಕಾಲೇಜು ಹಾಸ್ಟೆಲಿನಲ್ಲಿ. ಅತ್ತೆ ಹೊಂಬಾಳಮ್ಮ ಮಾಕಳಿಯಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ, ಹೊಲಗಳೆಲ್ಲ ಶೆಡ್ಡುಗಳಾದದ್ದನ್ನು ಅದೇ ಜಗಲಿಯಿಂದ ನೋಡಿದವರು. ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ, ಹಾಗಂತ ಮಾತೂ ಹೆಚ್ಚಿರಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ನಾವು ಆಡಿದ್ದೆಲ್ಲ ಸೊಪ್ಪು, ಸಾರು, ನೀರು ಬಂತಾ, ಅಷ್ಟೇ.

ಬಾಗಿಲಲ್ಲಿ ನನ್ನನ್ನು ನೋಡಿ ಅವರು ಕೈಯಲ್ಲಿದ್ದ ಮೊರ ಕೆಳಗಿಟ್ಟರು.

"ಇದ್ಯಾಕವ್ವಾ ಇಂಗೆ ನಡುಗ್ತಿದೀಯ?"

ಮಂಜುನಾಥ್ ಸಾರ್‌ಗೆ ಹೇಳಿದ ಸುಳ್ಳನ್ನೇ ಹೇಳಲು ಬಾಯಿ ತೆರೆದೆ. ಅಳು ಬಂತು. ಐದು ತಿಂಗಳ ವಿಷಯ ಅಲ್ಲಿಯೇ, ಚಪ್ಪಲಿ ಬಿಡುವ ಜಾಗದಲ್ಲಿ ನಿಂತು ಹೇಳಿದೆ. ಅವರು ಬೈಯಲಿಲ್ಲ. ಕೇಳಿದ್ದು ಒಂದೇ ಮಾತು: "ಲೋಕೇಸಂಗೆ ಗೊತ್ತಾ?" ಇಲ್ಲ ಎಂದು ತಲೆ ಅಲ್ಲಾಡಿಸಿದೆ. "ಆಮ್ಯಾಕೆ ಏಳಾನ. ಮದ್ಲು ಆಸ್ಪತ್ರೆಗೆ ನಡಿ," ಎಂದು ಸೆರಗು ಸರಿಮಾಡಿಕೊಂಡರು.

ಮನೋವೈದ್ಯರ ಹೊರರೋಗಿ ವಿಭಾಗದ ಮುಂದೆ ಕೂರುವುದು ಎಂಥದು ಎಂದು ಕೂತವರಿಗೆ ಗೊತ್ತು. ಎಲ್ಲರೂ ಗೋಡೆ ನೋಡುತ್ತಾರೆ. ಪರಿಚಯದವರು ಯಾರಾದರೂ ಬಂದರೆ ಎಂದು ನಾನು ದುಪಟ್ಟಾವನ್ನು ಗಲ್ಲದವರೆಗೆ ಎಳೆದುಕೊಂಡಿದ್ದೆ. ಕೂರಲಾಗದೆ ನೀರಿನ ನಲ್ಲಿಯಿಂದ ಕಿಟಕಿಯವರೆಗೆ, ಕಿಟಕಿಯಿಂದ ನಲ್ಲಿಯವರೆಗೆ ನಡೆಯುತ್ತಿದ್ದೆ. ಪಕ್ಕದಲ್ಲಿ ಸೆಕ್ಯುರಿಟಿ ಗಾರ್ಡ್ ಸಮವಸ್ತ್ರದ ಒಬ್ಬರು, ಟೈ ಹಾಕಿದ ಒಬ್ಬ ಹುಡುಗ, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಿ. ಅತ್ತೆ ಮಾತ್ರ ಬಸ್ ಸ್ಟ್ಯಾಂಡಿನಲ್ಲಿ ಕೂತ ಹಾಗೆ ಕೂತು, ಆ ತಾಯಿಯನ್ನು "ಯಾವೂರವ್ವ ನಿಮ್ದು?" ಎಂದು ಕೇಳಿದರು. "ಸಿಂದಗಿ ಕಡೇರಿ," ಎಂದಳು ಆಕೆ. ಅಲ್ಲಿಂದ ಇಬ್ಬರ ಮಾತೂ ಜೋಳದ ರೊಟ್ಟಿಗೂ ರಾಗಿ ಮುದ್ದೆಗೂ ಹೊರಟುಹೋಯಿತು. ಗೋಡೆ ನೋಡುತ್ತಿದ್ದ ಎರಡು ಮೂರು ಮುಖಗಳು ಅವರ ಕಡೆ ತಿರುಗಿದವು. ಅವತ್ತು ನನಗೆ ಮೊದಲು ಸಮಾಧಾನ ಸಿಕ್ಕಿದ್ದು ಅಲ್ಲಿ, ರೊಟ್ಟಿಯ ಮಾತಿನಲ್ಲಿ.

ಡಾಕ್ಟರ್ ಮೇಡಂ ನನಗಿಂತ ಚಿಕ್ಕವರು. ಬೈಗುಳಕ್ಕೆ ಸಿದ್ಧಳಾಗಿ ಹೋಗಿದ್ದೆ. ಅವರು ನನ್ನ ಎರಡೂ ಕೈ ಚಾಚಲು ಹೇಳಿ, ಬೆರಳ ತುದಿಗಳನ್ನು ನೋಡಿ, ರಕ್ತದೊತ್ತಡ ಪರೀಕ್ಷಿಸಿದರು.

"ಕಾಯಿಲೆ ಜಾಸ್ತಿ ಆಯ್ತು, ಹುಚ್ಚು ಹಿಡೀತಿದೆ ಅಂತೆಲ್ಲ ಅಂದ್ಕೊಂಡಿದೀರಾ?"

"ಹೂಂ ಮೇಡಂ."

"ಅಲ್ಲ. ಐದು ತಿಂಗಳು ಮಾತ್ರೆಗೆ ಒಗ್ಗಿದ ಮೈ. ಒಂದೇ ಸಲ ಇಲ್ಲ ಅಂದ್ರೆ ಹೀಗೆ ಕಿರುಚುತ್ತೆ. ಕೆಲವರಿಗೆ ಫಿಟ್ಸ್ ಕೂಡ ಬರ್ಬಹುದು, ಅದಕ್ಕೆ ನೀವು ಇವತ್ತೇ ಬಂದಿದ್ದು ಒಳ್ಳೇದಾಯ್ತು. ಈಗ ಮತ್ತೆ ಶುರು ಮಾಡಿ, ಆಮೇಲೆ ನಿಧಾನವಾಗಿ ಇಳಿಸ್ತೀವಿ."

ಮತ್ತೆ ಶುರುವೇ! ಮೂರು ದಿನದ ನರಕ ವ್ಯರ್ಥವಾಯಿತೇ ಎಂದು ದುಃಖವಾಯಿತು. ಮೇಡಂ ಅದನ್ನು ಮುಖದಲ್ಲೇ ಓದಿದರು. "ಸೋತಿದ್ದೀರಿ ಅಂತಲ್ಲ. ಮೆಟ್ಟಿಲಿಲ್ಲದ ಕಡೆ ಹಾರಿದ್ರಿ, ಈಗ ಮೆಟ್ಟಿಲು ಹಾಕ್ತಿದೀವಿ," ಅಂದರು. ಸ್ಕೂಟರ್ ಸದ್ಯಕ್ಕೆ ಬೇಡ, ಬಸ್ಸಿನಲ್ಲಿ ಹೋಗಿ ಅಂದರು. ಮಾತ್ರೆ ಮನೆಯಲ್ಲಿ ಬೇರೆಯವರ ಕೈಯಲ್ಲಿರಲಿ, ಯಾರಿದ್ದಾರೆ ಎಂದು ಕೇಳಿದರು.

"ಯಜಮಾನರು ಮನೇಲಿರೋದೇ ಕಡಿಮೆ," ಅಂದೆ.

"ನಾನಿವ್ನಿ," ಎಂದರು ಅತ್ತೆ. "ಓದಾಕ್ ಬರಕ್ಕಿಲ್ಲ ಮೇಡಂನೋರೆ. ಎಣಿಸಾಕ್ ಬತ್ತದೆ."

ಯಾವ ವಾರ ಎಷ್ಟು ಇಳಿಸಿದರು ಎಂಬುದನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ನನ್ನ ಮೈ ನೋಡಿ ಮಾಡಿದ್ದು. ನನ್ನದೇ ಮಾತ್ರೆ ತಿನ್ನುವ ಇನ್ನೊಬ್ಬರಿಗೆ ಅದು ಹೊಂದುವುದಿಲ್ಲ ಎಂದು ಮೇಡಂ ಸಾರಿ ಸಾರಿ ಹೇಳಿದ್ದಾರೆ. ಎಲ್ಲ ಸೇರಿ ನಾಲ್ಕು ತಿಂಗಳ ಮೇಲಾಯಿತು ಎಂದಷ್ಟೇ ಹೇಳಬಲ್ಲೆ. ನಾನಂತೂ ಹದಿನೈದು ದಿನದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ.

ಲೋಕೇಶ್‌ಗೆ ವಿಷಯ ಹೇಳಿದ್ದು ಆ ಶನಿವಾರ. ಅವರು ಕೇಳಿಸಿಕೊಂಡು, "ನನ್ ಪಕ್ಕದಲ್ಲೇ ಐದು ತಿಂಗಳು ನುಂಗಿದ್ಯಾ? ನಂಗೆ ಗೊತ್ತೇ ಆಗ್ಲಿಲ್ವಲ್ಲೇ," ಅಂದರು. ಸಿಟ್ಟಿಗಿಂತ ಪೆಟ್ಟು ತಿಂದವರ ದನಿ. ಆಮೇಲಿಂದ ಲಾರಿ ನಿಲ್ಲಿಸಿದಲ್ಲೆಲ್ಲ ಫೋನ್ ಮಾಡಿ "ಹೆಂಗಿದೀಯಾ?" ಅನ್ನತೊಡಗಿದರು. ದಿನಕ್ಕೆ ಆರು ಸಲ. ಆ ಫೋನಿಗೇ ನನ್ನ ಎದೆ ಹಾರುತ್ತಿತ್ತು. ಕೊನೆಗೆ, "ನೀವು ಒಂದೇ ಸಲ ಮಾಡಿ, ಹೆಂಗಿದೀಯಾ ಅಂತ ಕೇಳ್ಬೇಡಿ, ಎಲ್ಲಿದೀನಿ ಅಂತ ಹೇಳಿ ಸಾಕು," ಅಂದೆ. ಅವರು ಹಾಗೆಯೇ ಮಾಡಿದರು. ಕೃಷ್ಣಗಿರಿಯಲ್ಲಿದೀನಿ, ಟೀ ಕುಡೀತಿದೀನಿ. ಟೈರ್ ಬದಲಾಯಿಸ್ತಿದೀನಿ. ಆ ಸಾದಾ ಸುದ್ದಿಗಳು ನನಗೆ ಎಷ್ಟು ಹಿತವಾಗಿದ್ದವೆಂದು ಅವರಿಗೆ ಈಗಲೂ ಪೂರ್ತಿ ಗೊತ್ತಿಲ್ಲ.

ಮೊದಲ ಇಳಿತ ಸುಲಭವಾಗಿತ್ತು. ಅರ್ಧ ಮಾತ್ರೆಯ ಹಂತ ಬಂದಾಗ ಕಷ್ಟ ಶುರುವಾಯಿತು. ಮೊದಲನೆಯ ದಿನ ಅತ್ತೆ ಅಡಕತ್ತರಿ ತೊಳೆದು ಒರೆಸಿ ಮಾತ್ರೆಯನ್ನು ಅದರ ಬಾಯಿಗೆ ಇಟ್ಟರು. ಕಟ್ಟನೆ ಒತ್ತಿದ್ದೇ ಒಂದು ಚೂರು ಒಲೆಯ ಕಟ್ಟೆ ಮೇಲೆ, ಇನ್ನೊಂದು ಎಲ್ಲೋ. ಇಬ್ಬರೂ ನೆಲದ ಮೇಲೆ ಮಂಡಿಯೂರಿ ಹುಡುಕಿದೆವು. ಸಿಕ್ಕಿದ್ದನ್ನು ಅವರು ಅಂಗೈಯಲ್ಲಿಟ್ಟು, "ಇದು ಅರ್ಧವಾ, ಮುಕ್ಕಾಲಾ?" ಎಂದು ನನ್ನನ್ನೇ ಕೇಳಿದರು. ಅಳತೆಗಾರ್ತಿ ನಾನಲ್ಲವೇ! ಎಷ್ಟೋ ವಾರಗಳ ನಂತರ ನಾನು ನಕ್ಕಿದ್ದು ಆಗ. ಆಸ್ಪತ್ರೆಗೆ ಫೋನ್ ಮಾಡಿದ ಮೇಲೆ ಮೇಡಂ ಕಡಿಮೆ ಪ್ರಮಾಣದ ಬೇರೆ ಮಾತ್ರೆಯನ್ನೇ ಬರೆದುಕೊಟ್ಟರು. ಆದರೂ ನಮ್ಮ ಮನೆಯಲ್ಲಿ ಅದರ ಹೆಸರು ಅರ್ಧ ಮಾತ್ರೆಯೇ.

ಆ ದಿನಗಳನ್ನು ಹೇಗೆ ಹೇಳಲಿ? ನೋವು ಅಂದರೆ ಇಲ್ಲಿ ಅಂತ ತೋರಿಸಬಹುದು. ಇದಕ್ಕೆ ಜಾಗವೇ ಇರಲಿಲ್ಲ. ಪ್ಯಾಕಿಂಗ್ ಟೇಬಲ್ಲಿನಲ್ಲಿ ಟೇಪ್ ಹರಿಯುವ ಸದ್ದಿಗೆ ಬೆಚ್ಚುತ್ತಿದ್ದೆ. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ನಿಂತೇ ಬರುತ್ತಿದ್ದೆ. ಊಟದ ಡಬ್ಬಿ ಮುಚ್ಚಿದ ಮೇಲೆ ಮುಚ್ಚಿದೆನಾ ಎಂದು ಮತ್ತೆ ತೆರೆಯುತ್ತಿದ್ದೆ. ಟಿವಿ ಹಾಕಿದರೆ ಆರಿಸಬೇಕು, ಆರಿಸಿದರೆ ಹಾಕಬೇಕು.

ಅವರೆಕಾಯಿ ಕಾಲ ಅದು. ನಾನು ಗೇಟಿಗೂ ಅಡುಗೆಮನೆಗೂ ತಿರುಗುವುದನ್ನು ನೋಡಿ ಅತ್ತೆ ಒಂದು ಸಂಜೆ ನೆನೆಸಿದ ಅವರೆಕಾಳಿನ ಪಾತ್ರೆಯನ್ನು ಮುಂದೆ ತಂದಿಟ್ಟರು. "ಕೂತ್ಕಳಾಕಾಗ್ದಿದ್ರೆ ನಿಂತ್ಕಂಡೇ ಇತುಕು." ಹಿತಕಿದಬೇಳೆ ಮಾಡುವುದೆಂದರೆ ಒಂದೊಂದೇ ಕಾಳನ್ನು ಎರಡು ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಹಾರಿಸಬೇಕು. ಕಟ್ಟೆಯ ಮುಂದೆ ನಿಂತು ಹಿತುಕಿದೆ. ಕಾಳುಗಳು ಗೋಡೆಗೆಲ್ಲ ಹಾರಿದವು. ಕಾಲು ಭಾಗ ಪಾತ್ರೆ ಮುಗಿಯುವಷ್ಟರಲ್ಲಿ ನಾನು ಕೂತಿದ್ದೆ, ಯಾವಾಗ ಕೂತೆ ಎಂದು ತಿಳಿಯಲಿಲ್ಲ. ಆ ಚಳಿಗಾಲ ನಮ್ಮ ಮನೆಯಲ್ಲಿ ತಿಂದಷ್ಟು ಹಿತಕಿದಬೇಳೆ ಸಾರು ಇಡೀ ಮಾಕಳಿಯಲ್ಲಿ ಯಾರೂ ತಿಂದಿರಲಾರರು.

ಹೀಗೆಲ್ಲ ಬರೆದರೆ ಅತ್ತೆಯೂ ನಾನೂ ಸರಾಗವಾಗಿ ದಾಟಿಬಿಟ್ಟೆವು ಅನ್ನಿಸಬಹುದು. ಹಾಗಾಗಲಿಲ್ಲ. ಒಂದು ಭಾನುವಾರ ಮನೆಯ ಮುಂದೆ ಪೈಪು ಹಾಕಲು ಜೆಸಿಬಿ ರಸ್ತೆ ಅಗೆಯುತ್ತಿತ್ತು. ಬೆಳಿಗ್ಗೆಯಿಂದ ಅದೇ ಸದ್ದು, ನೆಲ ಅದುರುತ್ತಿತ್ತು. ನಾನು ಸ್ನಾನ ಮಾಡಿದೆ, ಮತ್ತೆ ಮಾಡಿದೆ. ಬಟ್ಟೆ ಮಡಿಸಿದ್ದನ್ನು ಬಿಚ್ಚಿ ಮಡಿಸಿದೆ. ಮೂರು ಗಂಟೆಯ ಹೊತ್ತಿಗೆ ಅತ್ತೆಯ ಮುಂದೆ ಹೋಗಿ ನಿಂತೆ.

"ಇನ್ನೊಂದು ಕೊಡಿ."

"ಬೆಳಿಗ್ಗೆ ಕೊಟ್ಟಿವ್ನಲ್ಲವ್ವಾ."

"ಇವತ್ತೊಂದಿನ. ಯಾರಿಗೂ ಗೊತ್ತಾಗಲ್ಲ."

"ಮೇಡಂನೋರು ಬ್ಯಾಡ ಅಂದವ್ರೆ."

"ನಾನು ಸೊಸೆ ಅಂತ ತಾನೆ? ನಿಮ್ಮ ಮಗ ಹೀಗೆ ಒದ್ದಾಡ್ತಿದ್ರೆ ಕೊಡ್ತಿರ್ಲಿಲ್ವಾ?"

ಅವರ ಮುಖ ಹೇಗಾಯಿತೆಂದು ಬರೆಯಲಾರೆ. ಮಾತ್ರೆ ಇಟ್ಟುಕೊಂಡಿದ್ದ ಎಲೆಅಡಿಕೆ ಚೀಲದ ಬಾಯಿ ಬಿಚ್ಚಿದರು. ಪಟ್ಟಿಯಿಂದ ಒಂದು ಮಾತ್ರೆ ಬಿಡಿಸಿ ನನ್ನ ಕೈಗೆ ಹಾಕಿ, ಹಿತ್ತಲಿಗೆ ಎದ್ದುಹೋದರು. ಅರ್ಧ ಗಂಟೆಗೆ ಜೆಸಿಬಿ ಸದ್ದು ದೂರವಾಯಿತು. ನೆಮ್ಮದಿ ಬಂತು, ಅದರ ಹಿಂದೆಯೇ ಹೇಸಿಗೆಯೂ. ಹಿತ್ತಲಿನಲ್ಲಿ ಅತ್ತೆ ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದರು.

ಮುಂದಿನ ಗುರುವಾರ ಮೇಡಂ ಹತ್ತಿರ ಹೋದಾಗ ಆ ವಿಷಯ ಹೇಳಬಾರದೆಂದು ನಾನು ತೀರ್ಮಾನಿಸಿದ್ದೆ. "ಎಲ್ಲ ಹೇಳಿದ ಹಾಗೇ ತಗೊಂಡ್ರಾ?" ಎಂದು ಕೇಳಿದರು. "ಹೂಂ" ಅಂದೆ. ಅತ್ತೆ ಬಾಗಿಲ ಪಕ್ಕದ ಕುರ್ಚಿಯಿಂದ ಎದ್ದು ನಿಂತರು.

"ತೆಪ್ಪು ನಂದು ಮೇಡಂನೋರೆ. ಭಾನ್ವಾರ ಒಂದು ಜಾಸ್ತಿ ಕೊಟ್ಟೆ. ನೋಡಕ್ಕಾಗ್ಲಿಲ್ಲ."

ಮೇಡಂ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ಕೂತ್ಕೊಳ್ಳಿ ಅಜ್ಜಿ. ಹೇಳಿದ್ರಲ್ಲ, ಬಹಳ ಉಪಕಾರ ಆಯ್ತು. ಹೇಳದೇ ಇದ್ದಿದ್ರೆ ನಾನು ಇವತ್ತು ಇನ್ನೂ ಇಳಿಸ್ಬಿಡ್ತಿದ್ದೆ, ಇವರು ಇನ್ನೂ ಒದ್ದಾಡ್ತಿದ್ರು." ನನ್ನ ಕಡೆ ತಿರುಗಿ, "ಗಿರಿಜಾ ಅವ್ರೇ, ಇದು ಪರೀಕ್ಷೆ ಅಲ್ಲ, ಫೇಲ್ ಆಗೋಕೆ. ಮೈ ಇನ್ನೂ ಸಮಯ ಕೇಳ್ತಿದೆ ಅಷ್ಟೆ. ಇದೇ ಮೆಟ್ಟಿಲಲ್ಲಿ ಇನ್ನೂ ಸ್ವಲ್ಪ ದಿನ ನಿಲ್ಲೋಣ," ಅಂದರು.

ಪಕ್ಕದ ಕೋಣೆಯ ಕೌನ್ಸೆಲರ್ ಹತ್ತಿರವೂ ಕಳಿಸಿದರು. ಅಣ್ಣನ ಬಗ್ಗೆ ನಾನು ಯಾರೊಂದಿಗಾದರೂ ಪೂರ್ತಿಯಾಗಿ ಮಾತಾಡಿದ್ದು ಅಲ್ಲೇ ಮೊದಲು. ಹಾಲಿನ ಬೂತು, ಅವನ ಕೈಯಲ್ಲಿದ್ದ ಬಟ್ಟೆ ಚೀಲ, ನಾನು ತಲುಪುವಷ್ಟರಲ್ಲಿ ಯಾರೋ ಮುಖಕ್ಕೆ ಟವೆಲ್ ಹೊದಿಸಿದ್ದು. ಮಾತ್ರೆ ಮುಚ್ಚಿಟ್ಟಿದ್ದ ಬಾಗಿಲಿನ ಹಿಂದೆ ಅವನು ಹಾಗೆಯೇ ನಿಂತಿದ್ದ. ಆ ಕೌನ್ಸೆಲರ್, ಎದೆ ಹೊಡೆದುಕೊಳ್ಳುವಾಗ ಉಸಿರನ್ನು ಎಳೆಯಲು ಹೆಣಗುವ ಬದಲು ಉದ್ದಕ್ಕೆ ಹೊರಗೆ ಬಿಡುವುದನ್ನು ಕಲಿಸಿದರು. ಬಂದದ್ದು ಏರುತ್ತದೆ, ಇಳಿಯುತ್ತದೆ, ಏರಿದ್ದು ಅಲ್ಲೇ ನಿಲ್ಲುವುದಿಲ್ಲ ಅಂದರು. ಕೇಳಲು ಸುಲಭ ಅನ್ನಿಸಿ ಒಳಗೊಳಗೇ ಸಿಟ್ಟು ಬಂದಿತ್ತು.

ಆಸ್ಪತ್ರೆಯಿಂದ ಹಿಂತಿರುಗುವಾಗ ಬಸ್ಸಿನಲ್ಲಿ, ಎಂಟನೇ ಮೈಲಿ ಸ್ಟಾಪು ದಾಟಿದ ಮೇಲೆ ನಾನು, "ಅವತ್ತು ಹಾಗೆ ಅನ್ಬಾರ್ದಿತ್ತು ಅತ್ತೆ," ಅಂದೆ.

"ಅಂದಿದ್ದು ನೀನಲ್ಲ ಬುಡು," ಎಂದರು. "ಆದ್ರೂ ಬೇಜಾರಾಯ್ತು," ಎಂದೂ ಸೇರಿಸಿದರು. ಎರಡನ್ನೂ ಹೇಳಿದರಲ್ಲ, ಅದಕ್ಕೇ ನಾನು ಬದುಕಿದೆ.

ಅಲ್ಲಿಂದ ಮುಂದೆ ಇಳಿತ ಇನ್ನೂ ನಿಧಾನವಾಯಿತು. ಒಂದು ವಾರ ಚೆನ್ನ, ಎರಡು ದಿನ ಕೆಟ್ಟದ್ದು, ಮತ್ತೆ ಚೆನ್ನ. ಫ್ಯಾಕ್ಟರಿಯಲ್ಲಿ ಮಂಜುನಾಥ್ ಸಾರ್‌ಗೆ ನಿಜ ಹೇಳಿದೆ. ಅವರು ಸುತ್ತ ನೋಡಿ, ದನಿ ತಗ್ಗಿಸಿ, "ನಮ್ಮ ತಂಗೀನೂ ತಗೋತಿದ್ಲು," ಅಂದರು. ಅಷ್ಟೇ. ಮರುವಾರ ನನ್ನ ಹಳೆಯ ಟೇಬಲ್ಲಿಗೆ ಕರೆದರು.

ಮಾತ್ರೆ ಪೂರ್ತಿ ನಿಂತು ಮೂರು ವಾರವಾದಾಗ, ಬಸ್ಸಿನಲ್ಲಿ, ಮೂವರು ಕೂರುವ ಸೀಟಿನ ಮಧ್ಯೆ ಸಿಕ್ಕಿಕೊಂಡಿದ್ದಾಗ, ಅದು ಬಂತು. ಎದೆ, ಬೆರಳು, ಉಸಿರು, ಎಲ್ಲ ಮೊದಲಿನ ಹಾಗೆಯೇ. ಲಾರಿಗಳ ಸಾಲಿನಲ್ಲಿ ಬಸ್ಸು ನಿಂತುಬಿಟ್ಟಿತ್ತು. ನನ್ನ ಬಳಿ ಒಂದು ಮಾತ್ರೆಯೂ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ಬುರ್ಖಾದ ಹೆಂಗಸಿಗೆ, "ಅಕ್ಕ, ನಂಗೆ ಸ್ವಲ್ಪ ಗಾಬರಿಯಾಗ್ತಿದೆ, ಕಿಟಕಿ ಪಕ್ಕ ಬಿಡ್ತೀರಾ?" ಅಂದೆ. ಆಕೆ ಏನೂ ಕೇಳದೆ ಜಾಗ ಬಿಟ್ಟಳು, ನನ್ನ ಟಿಫಿನ್ ಬ್ಯಾಗನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಉಸಿರನ್ನು ಹೊರಗೆ ಬಿಟ್ಟೆ, ಮತ್ತೆ ಬಿಟ್ಟೆ. ಸಾಯುತ್ತೇನೆ ಅನ್ನಿಸಿತು. ಸಾಯಲಿಲ್ಲ. ಸಿಗ್ನಲ್ ಎರಡು ಸಲ ಹಸಿರಾಗಿ ಕೆಂಪಾಯಿತು. ಬಸ್ಸು ಹೊರಟಾಗ ಬೆರಳುಗಳಿಗೆ ಜೀವ ಬರುತ್ತಿತ್ತು. ಕೆಲಸಕ್ಕೆ ಹತ್ತು ನಿಮಿಷ ತಡವಾಗಿ ಹೋದೆ, ಅವತ್ತು ಬಂದ ಬುಷ್‌ಗಳನ್ನೆಲ್ಲ ಅಳೆದೆ.

ನನಗೆ ಪೂರ್ತಿ ಗುಣವಾಗಿದೆ ಎಂದು ಹೇಳುವುದಿಲ್ಲ. ನಾನು ಈಗಲೂ ಒಂದೇ ಕಡೆ ಬಹಳ ಹೊತ್ತು ಕೂರುವವಳಲ್ಲ.

ಕೊನೆಯ ಭೇಟಿಗೆ ಅತ್ತೆಯೂ ಬಂದಿದ್ದರು. ಬಸ್ಸಿನ ದಿನದ ಕಥೆ ಕೇಳಿ ಮೇಡಂ ಖುಷಿಪಟ್ಟರು. ಮೂರು ತಿಂಗಳು ಬಿಟ್ಟು ಬಂದರೆ ಸಾಕು, ಏನಾದರೂ ಆದರೆ ಮೊದಲೇ ಬನ್ನಿ, ಅಂಗಡಿಗೆ ಹೋಗಬೇಡಿ ಅಂದರು. ಎದ್ದು ಹೊರಡುವಾಗ ಅತ್ತೆಯನ್ನು ನೋಡಿ, ಬರೀ ಸೌಜನ್ಯಕ್ಕೆಂಬಂತೆ ಕೇಳಿದರು: "ನೀವು ಹೇಗಿದೀರಾ ಅಜ್ಜಿ? ನಿದ್ದೆ ಎಲ್ಲ ಬರುತ್ತಾ?"

ಅತ್ತೆ ಚೀಲದ ದಾರವನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. ಮತ್ತೆ ಸುತ್ತಿಕೊಂಡರು.

"ನಂಗಾ?" ಅಂದರು.

"ಹೂಂ, ನಿಮಗೇ."

ಅವರು ನನ್ನ ಕಡೆ ತಿರುಗಿದರು. "ಗಿರಿಜಾ, ನೀನ್ ಒಸಿ ಆಚೆ ಕುಂತಿರು."

ನಾನು ಹೊರಗೆ ಬಂದೆ. ಬಾಗಿಲು ಮುಚ್ಚಿತು. ಬೆಂಚಿನ ಮೇಲೆ ಕೂತೆ, ಎದ್ದೆ, ನಲ್ಲಿಯವರೆಗೆ ಹೋಗಿ ನೀರು ಕುಡಿದೆ, ಬಂದು ಕೂತೆ. ನಮ್ಮ ನಂತರದವರ ಸಂಖ್ಯೆ ಕೂಗಲೇ ಇಲ್ಲ. ಒಳಗಿನಿಂದ ಅತ್ತೆಯ ದನಿ ಕೇಳುತ್ತಿತ್ತು, ಮಾತು ಬಿಡಿಬಿಡಿಯಾಗಿ ತಿಳಿಯುತ್ತಿರಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಅವರು ಒಂದೇ ಸಮನೆ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಹೊರಬಂದಾಗ ಅವರ ಕಣ್ಣು ಕೆಂಪಗಿತ್ತು. ಏನು ಹೇಳಿದಿರಿ ಎಂದು ನಾನು ಕೇಳಲಿಲ್ಲ.

"ಚೀಟಿ ಕೊಟ್ರಾ ಅತ್ತೆ?"

"ಇಲ್ಲ ಕಣವ್ವ. ಬರೀ ಕೇಳುದ್ರು. ಬರೋ ವಾರ ಮತ್ತೆ ಬಾ ಅಂದವ್ರೆ." ಮೆಟ್ಟಿಲಿಳಿಯುವಾಗ ಅವರು ನನ್ನ ಮುಂಗೈ ಹಿಡಿದುಕೊಂಡರು. "ಜೊತೇಲಿ ಯಾರಾದ್ರೂ ಬರ್ಬೇಕಂತೆ. ನೀನ್ ಬತ್ತೀಯ ಅಂತ ಏಳಿವ್ನಿ."